ಇಪ್ಪತ್ತೆರಡು ಸೆಕೆಂಡು

ಅಶ್ಮಿತಾ ಟೀಚರಿಗೆ ಕಾವೂರಿನ ಬೋಜನ ನಮಸ್ಕಾರ. ಹದಿಹರೆಯದ ಮಕ್ಕಳು ಸಮಾಜದ ಕೆಲಸಕ್ಕೆ ಇಳಿಯುವುದು ಹೇಗೆ ಎಂದು ನಿಮ್ಮ ಸುರತ್ಕಲ್ ಶಾಲೆಯ ಮಕ್ಕಳಿಗೆ ಎರಡು ಮಾತು ಹೇಳಿ ಕಳಿಸಿ ಎಂದಿರಿ. ಮೂವತ್ತನಾಲ್ಕು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ನಾನು. ಎರಡೇ ಮಾತಿನಲ್ಲಿ ಒಂದು ಟಿಕೆಟ್ ಕೂಡ ಹರಿದು ಕೊಟ್ಟವನಲ್ಲ. ಉದ್ದ ಆಗುತ್ತದೆ, ಫೋನಿನಲ್ಲಿ ಮಾತಾಡಿ ತುಂಡು ತುಂಡು ಮಾಡಿ ಕಳಿಸುತ್ತೇನೆ, ಮಕ್ಕಳಿಗೆ ಕೇಳಿಸಿ. ಬೀಚ್ ಗುಡಿಸಿ ಫೋಟೋ ತೆಗೆಯುವುದು, ಗಿಡ ನೆಟ್ಟು ಮರೆಯುವುದು, ಅದೆಲ್ಲ ಬೇಕಿದ್ದರೆ ಬೇರೆ ಯಾರನ್ನಾದರೂ ಕರೆಯಿರಿ. ನನಗೆ ಗೊತ್ತಿರುವುದು ನನ್ನ ಮೊಮ್ಮಗಳು ತೃಷಾ ಮತ್ತು ಅವಳ ಗೆಳತಿ ನಜ್ಲಾ ಒಂದು ವಾರ ಮಾಡಿದ ಕೆಲಸ. ಅದರಲ್ಲಿ ತಪ್ಪು ಮಾಡಿದವರ ಸಾಲಿನಲ್ಲಿ ನಾನೂ ಇದ್ದೇನೆ. ಮುಚ್ಚಿಡುವುದಿಲ್ಲ.

ನಜ್ಲಾ ನಮ್ಮ ಪಕ್ಕದ ಮನೆಯ ನಬೀಸಾಳ ಮಗಳು. ಹದಿನಾರು ವರ್ಷ, ಮೊದಲ ಪಿಯುಸಿ. ಹುಟ್ಟಿದಾಗಿನಿಂದ ಎರಡೂ ಕಾಲಿಗೆ ಬಲ ಇಲ್ಲ. ಕಂಕುಳಿಗೆ ಎರಡು ಊರುಗೋಲು ಕೊಟ್ಟುಕೊಂಡು ನಡೆಯುತ್ತಾಳೆ. ಕಾಲಿಗೆ ಇಲ್ಲದ ಬಲವನ್ನೆಲ್ಲ ದೇವರು ನಾಲಿಗೆಗೆ ಕೊಟ್ಟಿದ್ದಾನೆ ಎಂದು ಒಮ್ಮೆ ನಾನು ಹೇಳಿದ್ದಕ್ಕೆ, "ನಿಮ್ಮ ತಲೆಗೆ ಇಲ್ಲದ್ದನ್ನು ಎಲ್ಲಿಗೆ ಕೊಟ್ಟ ಅಜ್ಜ?" ಎಂದು ಕೇಳಿದವಳು. ಅವಳ ಕಾಲೇಜು ಉರ್ವದ ಕಡೆ. ತೃಷಾಳದ್ದೂ ಅದೇ ಕಾಲೇಜು, ಅದೇ ಕ್ಲಾಸು, ಅದೇ ಬೆಳಗ್ಗೆ ಎಂಟು ಗಂಟೆಯ ಬಸ್ಸು. ಆ ಬಸ್ಸಿನ ಕಂಡಕ್ಟರ್ ಯಾರೆಂದರೆ ನನ್ನ ಮಗ ದೀಪೇಶ್, ತೃಷಾಳ ಅಪ್ಪ.

ಈಗ ಬಸ್ಸಿನ ಕೆಲಸದ ಒಂದು ಗುಟ್ಟು ಹೇಳಬೇಕು. ಇಲ್ಲದಿದ್ದರೆ ಮುಂದಿನದ್ದು ತಿಳಿಯುವುದಿಲ್ಲ. ನಮ್ಮ ಸಿಟಿ ಬಸ್ಸಿನಲ್ಲಿ ಡ್ರೈವರ್ ಹಿಂದೆ ನೋಡುವುದಿಲ್ಲ. ಕಂಡಕ್ಟರನ ವಿಸಿಲ್ ಕೇಳುತ್ತಾನೆ. ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು. ಬೆಳಗ್ಗೆ ಎಂಟರ ಬಸ್ಸಿನಲ್ಲಿ ಬುಟ್ಟಿಗೆ ಬಂಗುಡೆ ಮೀನು ತುಂಬಿದ ಹಾಗೆ ಜನ. ನಡುವೆ ಸಿಕ್ಕಿಕೊಂಡ ಕಂಡಕ್ಟರಿಗೆ ಬಾಗಿಲು ಕಾಣುವುದಿಲ್ಲ. ಕಾಣದಿದ್ದರೆ ಹೇಗೆ? ಕಿವಿ. ಹತ್ತುವವನ ಮೊದಲ ಕಾಲು ತಗಡಿನ ಮೆಟ್ಟಿಲಿಗೆ ತಾಗಿದಾಗ ಒಂದು ಸದ್ದು, ಎರಡನೆಯ ಕಾಲಿಗೆ ಇನ್ನೊಂದು ಸದ್ದು. ಎರಡನೆಯದು ಕೇಳಿದ ಕೂಡಲೇ ಎರಡು ವಿಸಿಲ್. ಅದರಿಂದ ಅರ್ಧ ನಿಮಿಷ ಉಳಿಯುತ್ತದೆ.

ಅರ್ಧ ನಿಮಿಷ ಉಳಿಸಿ ಎಂತ ಮಾಡುವುದು ಎಂದು ನಿಮ್ಮ ಮಕ್ಕಳು ಕೇಳಬಹುದು. ದಾರಿಯ ದೊಡ್ಡ ಸ್ಟಾಪುಗಳಲ್ಲಿ ಟೈಮ್ ಕೀಪರ್ ಎಂದು ಒಬ್ಬ ಕೈಯಲ್ಲಿ ಪುಸ್ತಕ ಹಿಡಿದು ನಿಂತಿರುತ್ತಾನೆ. ಯಾವ ಬಸ್ಸು ಎಷ್ಟು ಗಂಟೆಗೆ ಬಂತು ಎಂದು ಬರೆಯುವುದೇ ಅವನ ಕೆಲಸ. ನೀನು ಎರಡು ನಿಮಿಷ ತಡ ಮಾಡಿದರೆ ಹಿಂದಿನ ಬಸ್ಸಿನವನ ಜನರನ್ನು ನೀನು ಹತ್ತಿಸಿಕೊಂಡ ಹಾಗೆ. ಅವನು ಸ್ಟೇಟ್ ಬ್ಯಾಂಕ್ ಸ್ಟ್ಯಾಂಡಿನಲ್ಲಿ ಬಂದು ನಿನ್ನ ಕಾಲರ್ ಹಿಡಿಯುತ್ತಾನೆ. ಪೊಲೀಸರಿಗೆ ಹೆದರದ ಡ್ರೈವರುಗಳನ್ನು ನಾನು ಬಹಳ ಕಂಡಿದ್ದೇನೆ. ಟೈಮ್ ಕೀಪರಿಗೆ ಹೆದರದವನನ್ನು ಒಬ್ಬನನ್ನೂ ಕಂಡಿಲ್ಲ.

ಕಿವಿಯ ವಿದ್ಯೆಯನ್ನು ದೀಪೇಶನಿಗೆ ಕಲಿಸಿದವನು ನಾನೇ. ಅವನನ್ನು ಬಸ್ಸಿನಲ್ಲಿ ಕಣ್ಣು ಮುಚ್ಚಿಸಿ ನಿಲ್ಲಿಸಿ, "ಕಣ್ಣು ವಾಚಿನ ಮೇಲೆ ಇರಲಿ, ಕಿವಿ ಮೆಟ್ಟಿಲ ಮೇಲೆ ಇರಲಿ" ಎಂದು ಪಾಠ ಮಾಡಿದ್ದೆ. ಹೆಮ್ಮೆಯಿಂದ ಮಾಡಿದ್ದೆ.

ಜುಲೈಯಲ್ಲಿ ಒಂದು ದಿನ ನಮ್ಮ ಕೆರೆಬದಿ ಸ್ಟಾಪಿನಲ್ಲಿ ನಜ್ಲಾ ಬಸ್ಸು ಹತ್ತಲು ಹೋದಳು. ಅವಳು ಹತ್ತುವ ಕ್ರಮ ಬೇರೆ. ಮೊದಲು ಎರಡು ಊರುಗೋಲನ್ನೂ ಮೆಟ್ಟಿಲ ಮೇಲೆ ಇಡುತ್ತಾಳೆ, ಆಮೇಲೆ ಕಂಬಿ ಹಿಡಿದು ಮೈಯನ್ನು ಎಳೆದುಕೊಳ್ಳುತ್ತಾಳೆ. ಊರುಗೋಲು ಮೆಟ್ಟಿಲಿಗೆ ತಾಗಿತು. ಒಂದು ಸದ್ದು, ಎರಡು ಸದ್ದು. ಒಳಗೆ ಟಿಕೆಟ್ ಕೊಡುತ್ತಿದ್ದ ದೀಪೇಶ್ ಎರಡು ಕಾಲು ಎಂದುಕೊಂಡು ಎರಡು ವಿಸಿಲ್ ಊದಿದ. ಡ್ರೈವರ್ ಮುಖೇಶ್ ಗೇರ್ ಹಾಕಿದ. ಊರುಗೋಲುಗಳು ಬಸ್ಸಿನಲ್ಲಿ ಹೋದವು, ಹುಡುಗಿ ರಸ್ತೆಯಲ್ಲಿ ಉಳಿದಳು.

ಗಲ್ಲಕ್ಕೆ ಮೂರು ಹೊಲಿಗೆ. ನಬೀಸಾ ಅಳಲಿಲ್ಲ, ಬೈಯಲೂ ಇಲ್ಲ. ನಮ್ಮ ಜಗಲಿಗೆ ಬಂದು ಹೇಳಿದಳು: "ಬೋಜಣ್ಣ, ಇನ್ನು ಸಾಕು. ಅವಳು ಮನೆಯಲ್ಲೇ ಕೂತು ಓದಿ ಪರೀಕ್ಷೆ ಬರೀಲಿ. ಬಸ್ಸಿನ ಚಕ್ರದಡಿಗೆ ಹಾಕ್ಲಿಕ್ಕೆ ನಾನು ಅವಳನ್ನು ಹೆತ್ತದ್ದಲ್ಲ."

ದೀಪೇಶ್ ತಲೆ ತಗ್ಗಿಸಿ ಕೂತಿದ್ದ. ನಾನು ಎಂತ ಹೇಳಿದೆ ಗೊತ್ತುಂಟಾ? "ಹೌದು ನಬೀಸಾ, ಅದೇ ಒಳ್ಳೆಯದು" ಎಂದೆ. ಈಗ ನೆನೆದರೆ ನನಗೆ ನಾನೇ ಎರಡು ಬಾರಿಸಬೇಕು ಎನಿಸುತ್ತದೆ.

ಕಾಲೇಜಿನ ಮಕ್ಕಳು ಸುಮ್ಮನಿರಲಿಲ್ಲ. ತೃಷಾ ಮತ್ತೆ ಏಳು ಮಂದಿ ಸೇರಿ ದೊಡ್ಡ ಪೋಸ್ಟರ್ ಮಾಡಿದರು. ನಜ್ಲಾಳ ಫೋಟೋ, ಪಕ್ಕದಲ್ಲಿ ಒಂದು ಗಾಲಿಕುರ್ಚಿಯ ಚಿತ್ರ, ಅವಳು ಜನ್ಮದಲ್ಲಿ ಕೂರದ ಕುರ್ಚಿ. ಮೇಲೆ ಬಣ್ಣದಲ್ಲಿ, "ನಜ್ಲಾಳಿಗಾಗಿ ಒಂದು ನಿಮಿಷ ನಿಲ್ಲಿ". ಫೋನಿನಲ್ಲಿ ಸಾವಿರ ಜನ ಹೃದಯ ಒತ್ತಿದರು. ಸಂಬಂಧಪಟ್ಟ ಕಚೇರಿಗೆ ಮನವಿಯನ್ನೂ ಕೊಟ್ಟರು. ತೆಗೆದುಕೊಂಡರು, ಸೀಲ್ ಹೊಡೆದರು, ಅಷ್ಟೇ. ಭಾನುವಾರ ಬೆಳಗ್ಗೆ ಎಲ್ಲರೂ ನಮ್ಮ ಜಗಲಿಯಲ್ಲಿ ಸೇರಿ ಪೋಸ್ಟರನ್ನು ನಜ್ಲಾಳಿಗೆ ತೋರಿಸಿದರು.

ಅವಳು ಓದಿದಳು. "ಒಂದು ನಿಮಿಷ ನಿಲ್ಲುವುದು ಸತ್ತವರಿಗೆ," ಎಂದಳು. "ನಾನು ಎಲ್ಲಿ ಸತ್ತಿದ್ದೇನೆ?"

"ಅಲ್ಲ ಮಾರಾಯ್ತಿ, ನಿನಗೆ ಸಹಾಯ ಆಗ್ಲಿ ಅಂತ," ಎಂದಳು ತೃಷಾ.

"ನನ್ನನ್ನು ಕೇಳಿದ್ದೀಯಾ? ಯಾವ ಫೋಟೋ ಅಂತಾದ್ರೂ ಕೇಳ್ಬೇಕಿತ್ತು. ಇದರಲ್ಲಿ ನನ್ನ ಮೂಗು ಆಲೂಗಡ್ಡೆ ಹಾಗೆ ಉಂಟು."

ಮಕ್ಕಳು ನಕ್ಕರು. ಅವಳು ನಗಲಿಲ್ಲ. ಪೋಸ್ಟರನ್ನು ನಾಲ್ಕು ತುಂಡು ಮಾಡಿ ನನ್ನ ಹೆಂಡತಿ ಬಾಗಿಯ ಕೈಗೆ ಕೊಟ್ಟಳು. "ಅಜ್ಜಿ, ಸ್ನಾನದ ನೀರಿಗೆ ಬೆಂಕಿ ಹಾಕ್ಲಿಕ್ಕೆ ಆಗ್ತದೆ." ಆಮೇಲೆ ನನ್ನ ಕಡೆ ತಿರುಗಿದಳು.

"ಅಜ್ಜ, ಬಸ್ಸಿನವರು ಯಾರಿಗೆ ಹೆದರ್ತಾರೆ?"

ಟೀಚರೇ, ಇದನ್ನು ನಿಮ್ಮ ಮಕ್ಕಳಿಗೆ ಎರಡು ಸಲ ಕೇಳಿಸಿ. ಎಲ್ಲರೂ ಕೇಳುವುದು ಯಾರಿಗೆ ಕರುಣೆ ಬರುತ್ತದೆ ಎಂದು. ಅವಳು ಕೇಳಿದ್ದು ಯಾರಿಗೆ ಹೆದರಿಕೆ ಎಂದು. ನಾನು ಟೈಮ್ ಕೀಪರನ ಕಥೆ ಹೇಳಿದೆ. ಕಾಲಿನ ಸದ್ದಿನ ಪಾಠವನ್ನೂ ಹೇಳಿದೆ, ಅದನ್ನು ದೀಪೇಶನಿಗೆ ಕಲಿಸಿದವನು ನಾನು ಎಂಬುದನ್ನೂ. ಅವಳು ಗಲ್ಲದ ಹೊಲಿಗೆ ಮುಟ್ಟಿಕೊಂಡಳು.

"ಹಾಗಾದ್ರೆ ಇದು ನಿಮ್ಮ ಹೊಲಿಗೆ."

"ಹೌದು ಮಗಾ," ಎಂದೆ.

ಅವಳು ನಮ್ಮ ಜಗಲಿಯ ಎತ್ತರದ ಮೆಟ್ಟಿಲನ್ನು ಮೂರು ಸಲ ಹತ್ತಿದಳು. ತೃಷಾ ಫೋನಿನಲ್ಲಿ ಸಮಯ ನೋಡಿದಳು. ಅವಸರ ಮಾಡದೆ, ಬೀಳದೆ ಹತ್ತಲು ಇಪ್ಪತ್ತೆರಡು ಸೆಕೆಂಡು. ಇಳಿಯಲು ಹದಿನೆಂಟು.

"ನಾಳೆಯಿಂದ ಎಲ್ಲರೂ ಇಪ್ಪತ್ತೆರಡು ಸೆಕೆಂಡಿನಲ್ಲಿ ಹತ್ತುವುದು," ಎಂದಳು ನಜ್ಲಾ. "ಒಬ್ಬರಾದ ಮೇಲೆ ಒಬ್ಬರು. ಒಂದು ಸೆಕೆಂಡು ಹೆಚ್ಚಿಲ್ಲ, ಕಮ್ಮಿ ಇಲ್ಲ. ಟಿಕೆಟಿನ ಚಿಲ್ಲರೆ ಸರಿಯಾಗಿ ಕೊಡ್ಬೇಕು. ಯಾರೂ ಬೊಬ್ಬೆ ಹಾಕ್ಲಿಕ್ಕಿಲ್ಲ."

ನಬೀಸಾ ಬೇಲಿಯ ಆಚೆಯಿಂದ ಎಲ್ಲ ಕೇಳುತ್ತಿದ್ದಳು. "ಶುಕ್ರವಾರದವರೆಗೆ ನೋಡ್ತೇನೆ," ಎಂದಳು. "ಶುಕ್ರವಾರ ನಾನೇ ಬಸ್ಸಿನಲ್ಲಿ ಬರ್ತೇನೆ. ನನಗೆ ಸರಿ ಕಾಣದಿದ್ರೆ ಶನಿವಾರದಿಂದ ಕಾಲೇಜು ಇಲ್ಲ. ಆಮೇಲೆ ಅಜ್ಜನನ್ನು ಹಿಡ್ಕೊಂಡು ಬರ್ಬೇಡ."

ಸೋಮವಾರ ನಾನೂ ಸ್ಟಾಪಿಗೆ ಹೋದೆ. ಒಂಬತ್ತು ಮಕ್ಕಳು ಸಾಲಾಗಿ ನಿಂತಿದ್ದರು. ಬಸ್ಸು ಬಂತು. ನಜ್ಲಾ ಮೊದಲು ಹತ್ತಿದಳು. ಅವಳ ಹಿಂದೆ ಫುಟ್‌ಬಾಲ್ ಆಡುವ ಒಬ್ಬ ಗಟ್ಟಿ ಹುಡುಗ ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟು, ಕಂಬಿ ಹಿಡಿದು, ಎರಡನೆಯ ಕಾಲನ್ನು ನೆಲದಲ್ಲೇ ಬಿಟ್ಟು ನಿಂತ. ಮನಸ್ಸಿನಲ್ಲಿ ಎಣಿಸುತ್ತಿದ್ದ, ತುಟಿ ಅಲ್ಲಾಡುತ್ತಿತ್ತು. ಅವನ ಹಿಂದೆ ಇನ್ನೊಬ್ಬಳು ಹಾಗೆಯೇ. ಕೊನೆಯವಳು ತೃಷಾ.

ಒಳಗಿನಿಂದ ಆಫೀಸಿನವರು ಶುರು ಮಾಡಿದರು. "ಎಂತ ಮಕ್ಕಳೇ, ಮದುವೆಗೆ ಬಂದದ್ದಾ?" "ಕಂಡಕ್ಟರ್, ವಿಸಿಲ್ ಹಾಕು ಮಾರಾಯ."

"ಕಾಲು ಕೆಳಗೆ ಉಂಟು, ಹಾಕಿದ್ರೆ ಬೀಳ್ತಾರೆ," ಎಂದ ದೀಪೇಶ್. ಅವನ ಮುಖದಲ್ಲಿ ಬೆವರಿಳಿಯುತ್ತಿತ್ತು.

ಒಂಬತ್ತು ಮಕ್ಕಳಿಗೆ ಮೂರು ನಿಮಿಷದ ಮೇಲೆ ಹೋಯಿತು. ಉರ್ವಸ್ಟೋರಿನಲ್ಲಿ ಟೈಮ್ ಕೀಪರ್ ಜೋನ್ ಪುಸ್ತಕದಿಂದ ತಲೆ ಎತ್ತಿ, "ದೀಪೇಶಾ, ದಾರಿಯಲ್ಲಿ ಊಟ ಮಾಡಿ ಬಂದದ್ದಾ?" ಎಂದು ಕೇಳಿದನಂತೆ. ಮಂಗಳವಾರವೂ ಅದೇ ಹಾಡು. ಅಷ್ಟರಲ್ಲಿ ಹಿಂದಿನ ಬಸ್ಸಿನವನು ನಮ್ಮ ಬಸ್ಸನ್ನು ದಾಟಿಕೊಂಡು, ನಗುತ್ತಾ ಕೈ ಬೀಸಿ ಹೋದ.

ಮಂಗಳವಾರ ಮಧ್ಯಾಹ್ನ ಬಸ್ಸಿನ ಮಾಲಕ, ನಮ್ಮ ಧನಿ ಚಿತ್ತರಂಜನ ಶೆಟ್ಟರು ನನ್ನನ್ನು ಉರ್ವದ ಮನೆಗೆ ಕರೆಸಿದರು. ಅವರ ಅಪ್ಪನ ಕಾಲದಿಂದ ನಾನು ಅವರ ಬಸ್ಸಿನಲ್ಲಿ ದುಡಿದವನು. ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರ ಹತ್ತಿರವೇ ಜಗಳ ಕಷ್ಟ. ಅವರ ಹೆಂಡತಿ ಗುಣವತಿಯಮ್ಮ ಚಾ ಕೊಟ್ಟರು.

"ಬೋಜ, ಮನೆಯಲ್ಲಿ ಕೂತು ನನ್ನ ಬಸ್ಸಿಗೆ ಕಲ್ಲು ಹಾಕ್ತಾ ಇದ್ದೀಯಂತೆ."

"ಕಲ್ಲಲ್ಲ ಧನಿ. ಮಕ್ಕಳು ಟಿಕೆಟ್ ತಗೊಂಡು ಹತ್ತಿದ್ದಾರೆ. ಸ್ವಲ್ಪ ನಿಧಾನ, ಅಷ್ಟೇ."

"ನನಗೆ ಕಲಿಸ್ಬೇಡ. ಆ ಹುಡುಗಿಗೆ ನಾನೇ ರಿಕ್ಷಾ ಗೊತ್ತು ಮಾಡ್ತೇನೆ. ಮನೆ ಬಾಗಿಲಿನಿಂದ ಕಾಲೇಜಿನ ಬಾಗಿಲಿಗೆ. ಕೋರ್ಸ್ ಮುಗಿಯುವವರೆಗೆ. ಆಯ್ತಲ್ಲ? ಮಕ್ಕಳಿಗೆ ಆಟ ನಿಲ್ಲಿಸ್ಲಿಕ್ಕೆ ಹೇಳು."

ನನಗೆ ಸಂತೋಷವಾಯಿತು. ಸುಳ್ಳು ಹೇಳುವುದಿಲ್ಲ. ಗೆದ್ದೆವು ಎಂದುಕೊಂಡೇ ಮನೆಗೆ ಬಂದೆ. ನಬೀಸಾಳ ಕಣ್ಣಿನಲ್ಲಿ ನೀರು ಬಂತು. "ದೇವರು ಅವರಿಗೆ ಒಳ್ಳೆಯದು ಮಾಡ್ಲಿ," ಎಂದಳು.

ನಜ್ಲಾ ಬಟಾಣಿ ಸುಲಿಯುತ್ತಿದ್ದಳು. "ನಿಮ್ಮ ಕಾಲದಲ್ಲಿ ನನ್ನ ಹಾಗೆ ಎಷ್ಟು ಮಂದಿ ಬಿದ್ದಿದ್ದಾರೆ ಅಜ್ಜ?"

ನಾನು ಬಟಾಣಿಯ ಸಿಪ್ಪೆ ಒಟ್ಟು ಮಾಡಲು ಕೂತೆ.

"ಲೆಕ್ಕ ಕೇಳಿದ್ದಲ್ಲ. ಒಬ್ಬರದ್ದು ಹೇಳಿ, ಸಾಕು."

ಒಬ್ಬರದ್ದು ಹೇಳಿದೆ. ಲಾಲ್‌ಬಾಗಿನಲ್ಲಿ ಒಬ್ಬ ಅಜ್ಜಿ, ಕೈಯಲ್ಲಿ ಚೀಲ. ಚೀಲವನ್ನು ಮೊದಲು ಮೆಟ್ಟಿಲ ಮೇಲೆ ಇಟ್ಟಿದ್ದಳು. ನಾನು ವಿಸಿಲ್ ಊದಿದೆ. ಮತ್ತೆ ಆ ಅಜ್ಜಿಯನ್ನು ನಾನು ಯಾವ ಬಸ್ಸಿನಲ್ಲಿಯೂ ನೋಡಲಿಲ್ಲ. ಇದನ್ನು ಬಾಗಿಗೂ ಹೇಳಿರಲಿಲ್ಲ ನಾನು.

"ಆ ಅಜ್ಜಿಗೆ ರಿಕ್ಷಾ ಯಾರು ಕೊಡ್ತಾರೆ?" ಎಂದಳು ನಜ್ಲಾ. "ನನ್ನನ್ನು ರಿಕ್ಷಾದಲ್ಲಿ ಕೂರಿಸಿದ್ರೆ ಬಸ್ಸಿಗೆ ಸುಖ. ನಾನು ಬಸ್ಸಿನಲ್ಲೇ ಹೋಗ್ತೇನೆ. ಅದು ಎಲ್ಲರ ಬಸ್ಸು, ನಂದೂ ಹೌದು."

"ಸೊಕ್ಕು," ಎಂದಳು ನಬೀಸಾ. "ಕಾಲಿಲ್ಲದಿದ್ರೂ ಸೊಕ್ಕಿಗೆ ಕಮ್ಮಿ ಇಲ್ಲ. ಸಿಕ್ಕಿದ್ದನ್ನು ಬೇಡ ಅಂತೀಯಲ್ಲ."

"ಶುಕ್ರವಾರದವರೆಗೆ ಅಂತ ನೀನೇ ಹೇಳಿದ್ದು ಉಮ್ಮಾ."

ಬುಧವಾರ ಧನಿಯ ಹುಕುಂ ಬಂತು. ಕೆರೆಬದಿ ಸ್ಟಾಪಿನಲ್ಲಿ ನಿಲ್ಲಿಸುವುದೇ ಬೇಡ. ಒಂಬತ್ತು ಮಕ್ಕಳು ಕೈ ಚಾಚಿ ನಿಂತಿದ್ದರು. ಬಸ್ಸು ಅವರ ಮೂಗಿನ ಎದುರು ಹೋಯಿತು. ಬಾಗಿಲಲ್ಲಿ ದೀಪೇಶ್ ನಿಂತಿದ್ದ, ವಿಸಿಲ್ ಬಾಯಲ್ಲಿತ್ತು, ಊದಲಿಲ್ಲ. ಮಗಳ ಮುಖ ನೋಡಲೂ ಇಲ್ಲ. ಆ ದಿನ ಎಲ್ಲರೂ ಮುಂದಿನ ಬಸ್ಸಿನಲ್ಲಿ ನೇತಾಡಿಕೊಂಡು ಹೋದರು. ನಜ್ಲಾ ಮನೆಗೆ ಹಿಂದೆ ಬಂದಳು.

ಸಂಜೆ ನಮ್ಮ ಮನೆಯಲ್ಲಿ ತೃಷಾ ಅಪ್ಪನ ಎದುರಿಗೆ ಬಟ್ಟಲು ಇಟ್ಟಳು, ಗಂಜಿ ಬಡಿಸಲಿಲ್ಲ.

"ಎಂತ ಇದು?" ಎಂದ ದೀಪೇಶ್.

"ಕೈ ತೋರಿಸಿ ಪಪ್ಪ. ನಿಲ್ಲಿಸ್ತೇನಾ ನೋಡುವ."

ನನ್ನ ಹೆಂಡತಿ ಬಾಗಿ ನಗು ತಡೆಯದೆ ಸೆರಗು ಬಾಯಿಗೆ ಹಿಡಿದು ಅಡುಗೆಮನೆಗೆ ಓಡಿದಳು. ದೀಪೇಶನಿಗೆ ನಗು ಬರಲಿಲ್ಲ. "ನಿನಗೆ ಎಂತ ಗೊತ್ತುಂಟು? ಈ ಕೆಲಸ ಹೋದ್ರೆ ನಿನ್ನ ಕಾಲೇಜು ಯಾರು ನೋಡುವುದು?" ಎಂದು ಹೇಳಿ, ತಾನೇ ಬಡಿಸಿಕೊಂಡು, ಅರ್ಧ ಉಂಡು ಎದ್ದ. ಅವನದ್ದೂ ಸುಳ್ಳಲ್ಲ. ಹೊಟ್ಟೆಪಾಡಿನವನನ್ನು ಹಳಿಯುವುದು ಸುಲಭ, ನಾನು ಹಳಿಯಲಿಲ್ಲ.

ಮಕ್ಕಳು ಬಗ್ಗಲಿಲ್ಲ. ಸ್ಟಾಪಿನಲ್ಲಿ ನಿಲ್ಲಿಸದಿದ್ದರೆ ಬಸ್ಸು ಹೊರಡುವಲ್ಲಿಗೇ ಹೋಗುವುದು ಎಂದರು. ಆ ಬಸ್ಸು ಹೊರಡುವುದು ಕುಂಜತ್ತಬೈಲಿನಿಂದ, ಅಲ್ಲಿ ಹೇಗೂ ಐದು ನಿಮಿಷ ನಿಂತಿರುತ್ತದೆ. ಗುರುವಾರ ನಜ್ಲಾಳನ್ನು ನಾನೇ ರಿಕ್ಷಾದಲ್ಲಿ ಕರೆದುಕೊಂಡು ಹೋದೆ. ಉಳಿದವರು ನಡೆದು ಬಂದರು. ನಿಂತಿದ್ದ ಬಸ್ಸಿಗೆ ಒಂಬತ್ತು ಮಂದಿ ಆರಾಮವಾಗಿ ಹತ್ತಿ ಕೂತರು. ನಾನೂ ಹತ್ತಿದೆ. ಬಸ್ಸು ಸರಿಯಾದ ಸಮಯಕ್ಕೆ ಹೊರಟಿತು. ಮುಖೇಶನಿಗೆ ಎಷ್ಟು ಖುಷಿ ಎಂದರೆ ಸಿನೆಮಾದ ಪದ ಹೇಳಲು ಶುರು ಮಾಡಿದ.

ಹತ್ತುವುದನ್ನು ತಪ್ಪಿಸಬಹುದು. ಇಳಿಯುವುದನ್ನು ತಪ್ಪಿಸಲಾಗುವುದಿಲ್ಲ, ಅಲ್ಲವಾ? ಕಾವೂರಿನಲ್ಲಿ ಒಬ್ಬ ಇಳಿದ. ಹದಿನೆಂಟು ಸೆಕೆಂಡು. ಮುಂದಿನ ಸ್ಟಾಪಿನಲ್ಲಿ ಇನ್ನೊಬ್ಬಳು, ಹದಿನೆಂಟು ಸೆಕೆಂಡು. ಯಾರೂ ಇಳಿಯದ ಸ್ಟಾಪಿನಲ್ಲೂ ಒಬ್ಬೊಬ್ಬರು ಇಳಿದರು. ಇಳಿದವರು ಕಾಲೇಜಿನವರೆಗೆ ಮಳೆಯಲ್ಲಿ ನಡೆಯಬೇಕು, ಗೊತ್ತಿದ್ದೇ ಇಳಿದರು. ದೇರೆಬೈಲು ದಾಟುವಾಗ ಮುಖೇಶನ ಪದ ನಿಂತಿತ್ತು.

ಒಬ್ಬ ಬ್ಯಾಂಕಿನವನು ನಜ್ಲಾಳ ಮೇಲೆ ಹಾರಿ ಬಿದ್ದ. "ನಿನ್ನ ಒಬ್ಬಳಿಂದ ಐವತ್ತು ಜನರಿಗೆ ಕಷ್ಟ. ನಾಚಿಕೆ ಇಲ್ಲವಾ?"

ನಜ್ಲಾ ಕೂತಲ್ಲಿಂದ ಏಳದೆ ಹೇಳಿದಳು: "ಅಂಕಲ್, ನಿಮಗೆ ನಾಲ್ಕು ದಿನದಿಂದ ಕಷ್ಟ. ನನಗೆ ಒಂದನೇ ಕ್ಲಾಸಿನಿಂದ. ಸ್ವಲ್ಪ ಹಂಚಿಕೊಳ್ಳುವ."

ಹಿಂದಿನ ಸೀಟಿನಿಂದ ಮೀನಿನ ಮಾರ್ಕೆಟಿಗೆ ಹೋಗುವ ಹೆಂಗಸೊಬ್ಬಳು ಬಾಯಿ ಹಾಕಿದಳು. "ಅವಳು ಹೇಳಿದ್ದು ಸರಿ. ನನ್ನ ಮೊಣಕಾಲು ಮೆಟ್ಟಿಲಲ್ಲಿ ಇರುವಾಗಲೇ ಇವರು ಊದುವುದು. ನಾನೂ ಇವತ್ತು ನಿಧಾನವಾಗಿಯೇ ಇಳಿಯುವವಳು." ನಿಜವಾಗಿಯೂ ಹಾಗೆಯೇ ಇಳಿದಳು. ಅವಳದ್ದು ಇಪ್ಪತ್ತೈದು ಸೆಕೆಂಡು ಆಯಿತು.

ಉರ್ವಸ್ಟೋರಿಗೆ ಏಳು ನಿಮಿಷ ತಡ. ಜೋನ್ ಪುಸ್ತಕ ಮುಚ್ಚಿ, "ಇವತ್ತಿನದ್ದು ಬರೀಲಿಕ್ಕೆ ನನ್ನ ಪೆನ್ನಿಗೇ ನಾಚಿಕೆ ಆಗ್ತದೆ" ಎಂದ. ನಮ್ಮ ಹಿಂದಿನ ಬಸ್ಸೂ ಅದರ ಹಿಂದಿನದ್ದೂ ದಾಟಿ ಹೋಗಿದ್ದವು.

ಸಂಜೆ ಧನಿಯ ಫೋನು ದೀಪೇಶನಿಗೆ ಬಂತು. ಜಗಲಿಯಲ್ಲಿ ಎಲ್ಲರೂ ಇದ್ದೆವು, ಶೆಟ್ಟರ ದನಿ ಫೋನಿನ ಹೊರಗೇ ಕೇಳುತ್ತಿತ್ತು.

"ನಾಳೆ ಆ ಮಕ್ಕಳನ್ನು ಕುಂಜತ್ತಬೈಲಿನಲ್ಲೂ ಹತ್ತಿಸ್ಬೇಡ. ಆಗದಿದ್ರೆ ಹೇಳು, ಬೇರೆ ಕಂಡಕ್ಟರನ್ನು ನೋಡ್ತೇನೆ."

ದೀಪೇಶ್ ತೃಷಾಳನ್ನು ನೋಡಿದ. ಅವಳು ಅವನನ್ನು ನೋಡಲಿಲ್ಲ, ಕಾಲಿನ ಬೊಕ್ಕೆಗೆ ಎಣ್ಣೆ ಹಚ್ಚುತ್ತಿದ್ದಳು. ದೇರೆಬೈಲಿನಿಂದ ನಡೆದದ್ದು.

"ನೋಡಿ ಧನಿ," ಎಂದ ದೀಪೇಶ್. ಬಹಳ ಮೆಲ್ಲಗೆ. "ಸಿಕ್ಕಿದ್ರೆ ನನಗೂ ಹೇಳಿ. ನಿಮ್ಮ ಎರಡನೇ ಬಸ್ಸು ಮೂರು ತಿಂಗಳಿಂದ ಕಂಡಕ್ಟರ್ ಇಲ್ಲದೆ ಶೆಡ್ಡಿನಲ್ಲಿ ಉಂಟು. ನಾನು ನಾಳೆ ಕೆರೆಬದಿಯಲ್ಲಿ ನಿಲ್ಲಿಸ್ತೇನೆ. ಕೆಳಗೆ ಇಳಿದು ನಿಲ್ತೇನೆ. ಎಲ್ಲರೂ ಹತ್ತಿದ್ದನ್ನು ಕಣ್ಣಿನಲ್ಲಿ ನೋಡಿಯೇ ವಿಸಿಲ್ ಹಾಕುವುದು. ಎಲ್ಲ ಸ್ಟಾಪಿನಲ್ಲೂ. ಒಂದೆರಡು ನಿಮಿಷ ತಡ ಆಗ್ತದೆ. ಮಕ್ಕಳ ಏಳು ನಿಮಿಷಕ್ಕಿಂತ ಕಮ್ಮಿ."

"ಅಪ್ಪನ ಹಾಗೆಯೇ, ಬಾಯಿ ಮಾತ್ರ ಉಂಟು," ಎಂದು ಹೇಳಿ ಶೆಟ್ಟರು ಫೋನ್ ಇಟ್ಟರು. ಒಪ್ಪಿದರು ಎಂದು ಇವತ್ತಿಗೂ ಅವರು ಹೇಳಿಲ್ಲ. ಬೇರೆ ಕಂಡಕ್ಟರನ್ನೂ ಕಳಿಸಲಿಲ್ಲ.

ಅಷ್ಟಕ್ಕೇ ಗೆದ್ದಂತೆ ಅಲ್ಲ. ಗೆಲುವು ಸೋಲು ಇದ್ದದ್ದು ನಬೀಸಾಳ ಕೈಯಲ್ಲಿ.

ಶುಕ್ರವಾರ ಅವಳು ಬುರ್ಖಾ ಹಾಕಿ, ಮಗಳ ಚೀಲ ಹಿಡಿದು ಸ್ಟಾಪಿಗೆ ಬಂದಳು. ಬಸ್ಸು ಬಂದು ನಿಂತಿತು. ದೀಪೇಶ್ ಜನರನ್ನು ನೂಕಿಕೊಂಡು ಕೆಳಗೆ ಇಳಿದ, ಬಾಗಿಲ ಪಕ್ಕ ರಸ್ತೆಯಲ್ಲಿ ನಿಂತ. ವಾಚು ಕಟ್ಟಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ. ನಜ್ಲಾ ಊರುಗೋಲು ಮೆಟ್ಟಿಲ ಮೇಲೆ ಇಟ್ಟಳು. ನಬೀಸಾ ಅವಳ ತೋಳು ಹಿಡಿಯಲು ಕೈ ಚಾಚಿದಳು.

"ಮುಟ್ಬೇಡ ಉಮ್ಮಾ," ಎಂದಳು ನಜ್ಲಾ. "ಎಣಿಸು."

ನಬೀಸಾ ಕೈ ಹಿಂದೆ ತೆಗೆದಳು. ಒಳಗೆ ಯಾರೋ ಗೊಣಗಿದರು, ಯಾರೋ ಅವರನ್ನು ಸುಮ್ಮನಿರಿಸಿದರು. ಹಿಂದಿನ ಬಸ್ಸು ಬಂದು ಹಾರ್ನ್ ಹೊಡೆಯಿತು. ದೀಪೇಶ್ ತಿರುಗಿಯೂ ನೋಡಲಿಲ್ಲ. ಹುಡುಗಿ ಕಂಬಿ ಹಿಡಿದು ಮೈಯನ್ನು ಎಳೆದುಕೊಂಡಳು, ಮೆಟ್ಟಿಲ ಮೇಲೆ ನಿಂತಳು, ಇನ್ನೊಂದು ಮೆಟ್ಟಿಲು ಹತ್ತಿದಳು, ಒಳಗೆ ಹೋದಳು. ಅವಳ ಹಿಂದೆ ನಬೀಸಾ, ಆಮೇಲೆ ಮಕ್ಕಳೆಲ್ಲ ದಡಬಡ ಎಂದು ತಮ್ಮ ಸಹಜ ವೇಗದಲ್ಲಿ ಹತ್ತಿದರು. ಕೊನೆಗೆ ದೀಪೇಶ್ ಹತ್ತಿ ಎರಡು ವಿಸಿಲ್ ಊದಿದ.

ಉಳಿದದ್ದನ್ನು ತೃಷಾ ಹೇಳಿದ್ದು. ಕಾಲೇಜಿನ ಸ್ಟಾಪಿನಲ್ಲಿಯೂ ದೀಪೇಶ್ ಮೊದಲು ಇಳಿದು ನಿಂತನಂತೆ. ನಜ್ಲಾ ಇಳಿದಳು. ನಬೀಸಾ ಇಳಿದು, ಬಸ್ಸು ಹೋಗುವವರೆಗೆ ಅಲ್ಲೇ ನಿಂತು, ಅದು ಮುಂದಿನ ತಿರುವಿನಲ್ಲಿ ಮರೆಯಾಗುವುದನ್ನು ನೋಡಿ, ಮಗಳಿಗೆ ಚೀಲ ಕೊಟ್ಟಳು.

"ಉಳಿದ ಬಸ್ಸಿನ ಕಂಡಕ್ಟರುಗಳು ಎಲ್ಲಿ ಹೀಗೆ ಇಳೀತಾರೆ?" ಎಂದು ಕೇಳಿದಳಂತೆ. "ಇವನೊಬ್ಬ ಇಳಿದ್ರೆ ಆಯ್ತಾ?"

"ಅವರನ್ನೂ ಇಳಿಸುವ," ಎಂದಳು ನಜ್ಲಾ. "ಒಂದೊಂದೇ."

ನಬೀಸಾ ಮಗಳ ಗಲ್ಲದ ಗಾಯವನ್ನು ನೋಡಿದಳು. ಚೀಲದ ಪಟ್ಟಿಯನ್ನು ಅವಳ ಹೆಗಲಿಗೆ ಸರಿ ಮಾಡಿದಳು.

"ಹಾಗಾದ್ರೆ ನಾಳೆ ಚೀಲ ನೀನೇ ಹಿಡಿ. ನಾನು ಬರುವುದಿಲ್ಲ, ನನಗೆ ಮನೆಯಲ್ಲಿ ಕೆಲಸ ಉಂಟು."